ಮೀಟರಿನ ಮುಖ ನೋಡುತ್ತಿದ್ದ ಅಂಜಿನಪ್ಪ

ಮನೆಗೆ ಬಂದವರು ಮೊದಲು ಯಾರ ಮುಖ ನೋಡುತ್ತಾರೆ, ಹೇಳಿ ನೋಡೋಣ? ಯಜಮಾನನದೋ, ಯಜಮಾನಿಯದೋ, ಇಲ್ಲ ತಿಂಡಿ ಬರುವ ಅಡುಗೆಮನೆ ಬಾಗಿಲಿನದೋ? ಏನೇ ಹೇಳಿದರೂ ನೀವು ಸೋತಿರಿ. ನಮ್ಮ ಅಂಜಿನಪ್ಪ ಮೀಟರಿನ ಮುಖ ನೋಡುತ್ತಿದ್ದ. ಚಪ್ಪಲಿ ಬಿಡುತ್ತಾ ಬಿಡುತ್ತಾ ತಲೆಯೆತ್ತಿ, ಬಾಗಿಲ ಪಕ್ಕದ ಡಬ್ಬಿಯಲ್ಲಿ ಕೆಂಪು ದೀಪ ಎಷ್ಟು ಅವಸರದಲ್ಲಿ ಮಿಟುಕುತ್ತಿದೆ ಎಂದು ನೋಡಿಕೊಂಡು, ಆಮೇಲೆ "ಚೆನ್ನಾಗಿದೀಯಾ ಅಕ್ಕ?" ಎನ್ನುತ್ತಿದ್ದ. ಒಂದು ಸಲ ಮಗಳ ಮದುವೆಯ ಪತ್ರಿಕೆ ಕೊಡಲು ಬಂದವನು ಕುಂಕುಮ ಹಚ್ಚಿದ ಪತ್ರಿಕೆಯನ್ನು ಕೈಯಲ್ಲೇ ಹಿಡಿದುಕೊಂಡು, "ಒಳಗೆ ಯಾರೋ ಇಸ್ತ್ರಿ ಪೆಟ್ಟಿಗೆ ಮರ್ತವ್ರೆ, ಮೊದ್ಲು ಹೋಗಿ ನೋಡಕ್ಕ" ಎಂದ. ಓಡಿಹೋಗಿ ನೋಡಿದರೆ ನಿಜ. ಸೊಸೆಯ ಸೀರೆಯ ಸೆರಗು ಹೊಗೆಯಾಡುವುದರಲ್ಲಿತ್ತು.

ಅವನದು ಮೋಟಾರು ರಿವೈಂಡಿಂಗ್ ಕೆಲಸ. ಸುಟ್ಟುಹೋದ ಮೋಟಾರಿನ ಹಳೆಯ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು. ಹಿಂದೂಪುರದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಒಂದು ಮಡಿಗೆ, ಅಂದರೆ ಪುಟ್ಟ ಅಂಗಡಿ, ಇಟ್ಟುಕೊಂಡಿದ್ದ. ಒಂದು ಬೆಂಚು ಹಾಕಿದರೆ ಎರಡನೆಯದಕ್ಕೆ ಜಾಗವಿಲ್ಲದ ಮಡಿಗೆ. ಅವನ ಅಂಗಿಯಿಂದ ಯಾವಾಗಲೂ ವಾರ್ನಿಷ್ ವಾಸನೆ ಬರುತ್ತಿತ್ತು. ಯಾವ ಯಂತ್ರವನ್ನೇ ಆಗಲಿ ಅಂಗೈಯಿಂದ ಮುಟ್ಟಿದ್ದನ್ನು ನಾನು ಕಾಣೆ. ಮೊದಲು ಕೈಯ ಹಿಂಬದಿಯನ್ನು ಮೆಲ್ಲಗೆ ತಾಗಿಸುತ್ತಿದ್ದ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಯಾಕೆ ಎಂದು ಕೇಳಿದ್ದಕ್ಕೆ, "ಅಂಗೈ ಕೊಟ್ರೆ ಕರೆಂಟು ಹಿಡ್ಕಂತೈತೆ ಕಣಕ್ಕ. ಹಿಂದ್ಗಡೆ ಕೊಟ್ರೆ ಒದ್ದು ಕಳಿಸ್ತೈತೆ. ನಂಗೆ ಒದೆ ತಿನ್ನೋದೇ ವಾಸಿ" ಎಂದಿದ್ದ.

ಅವನು ಕಂಬದೂರು ಕಡೆಯ ಕುರಿ ಸಾಕುವವರ ಮನೆಯವನು. ಚಿಕ್ಕವನಿದ್ದಾಗಲೇ ಕಲ್ಯಾಣದುರ್ಗಕ್ಕೆ ಬಂದು, ತೆಲುಗಿನ ಮೇಸ್ತ್ರಿಯೊಬ್ಬನ ಹತ್ತಿರ ಕೆಲಸ ಕಲಿತ. ಹಾಗಾಗಿ ಮನುಷ್ಯರ ಜೊತೆ ಕನ್ನಡ, ಯಂತ್ರಗಳ ಜೊತೆ ತೆಲುಗು. ಸುಟ್ಟ ಮೋಟಾರನ್ನು ತೊಡೆಯ ಮೇಲೆ ಇಟ್ಟುಕೊಂಡು, "ಏಮೈಂದಿ ನಾಯನಾ, ಎವರು ಕೊಟ್ಟಿನಾರು ನಿನ್ನು?" ಎಂದು, ಏನಾಯ್ತಪ್ಪ ನಿನಗೆ, ಯಾರು ಹೊಡೆದರು ಎಂದು, ಪ್ರೀತಿಯಿಂದ ವಿಚಾರಿಸುತ್ತಿದ್ದ. ಮೋಟಾರಿನ ಒಡೆಯ ಪಕ್ಕದಲ್ಲೇ ನಿಂತಿದ್ದರೂ ಅವನನ್ನು ಕೇಳುತ್ತಿರಲಿಲ್ಲ. ನಾನು ಕಲ್ಯಾಣದುರ್ಗದ ಹೆಣ್ಣುಮಗಳು, ಮದುವೆಯಾಗಿ ಹಿಂದೂಪುರದ ನೇಕಾರರ ಮನೆಗೆ ಬಂದವಳು ಎಂದು ತಿಳಿದ ದಿನದಿಂದ ನನ್ನನ್ನು ಅಕ್ಕ ಎಂದು ಕರೆಯತೊಡಗಿದ. ನನಗಿಂತ ಹತ್ತು ವರ್ಷ ಚಿಕ್ಕವನು, ಕರೆಯಲಿ ಎಂದು ಬಿಟ್ಟೆ.

ಕರೆಂಟ್ ಬಿಲ್ಲು ಜಾಸ್ತಿ ಬಂತು ಎಂದು ಅತ್ತವರೆಲ್ಲ ಅವನ ಮಡಿಗೆಯ ಮುಂದೆ ನಿಲ್ಲುತ್ತಿದ್ದರು. ಹಿಂದಿನ ಬೀದಿಯ ಒಬ್ಬರ ಮನೆಯಲ್ಲಿ ನೀರಿನ ಮೋಟಾರಿಗೆ ಅದಾಗಿಯೇ ಶುರುವಾಗುವ ಸಲಕರಣೆ ಹಾಕಿಸಿದ್ದರು. ತೊಟ್ಟಿ ಖಾಲಿಯಾದರೆ ತಾನೇ ತುಂಬಿಸಿಕೊಳ್ಳುತ್ತದೆ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಬಿಲ್ಲು ಮಾತ್ರ ಎರಡರಷ್ಟಾಯಿತು. ಅಂಜಿನಪ್ಪ ಹೋಗಿ ಸಂಪಿನ ಮುಚ್ಚಳ ತೆಗೆದು ಕಿವಿಗೊಟ್ಟ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು ಸವೆದುಹೋಗಿ, ಮೇಲೆ ಏರಿದ ನೀರು ಅದೇ ಪೈಪಿನಲ್ಲಿ ಕೆಳಗೆ ಇಳಿಯುತ್ತಿತ್ತು. ಮೋಟಾರು ಪಾಪ ಮತ್ತೆ ಅದನ್ನೇ ಎತ್ತುತ್ತಿತ್ತು. "ಒಂದೇ ನೀರನ್ನ ದಿನಕ್ಕೆ ಇಪ್ಪತ್ತು ಸಲ ತಿರುಪ್ತಿ ಬೆಟ್ಟ ಹತ್ಸಿ ಇಳಿಸ್ತಿದೀರಲ್ಲಪ್ಪ, ಅದುಕ್ಕೆ ಪುಣ್ಯ ಬಂತು, ನಿಮ್ಗೆ ಬಿಲ್ಲು ಬಂತು" ಎಂದನಂತೆ. ಆ ಮಾತು ನಮ್ಮ ಬೀದಿಯಲ್ಲಿ ಒಂದು ವರ್ಷ ಓಡಾಡಿತು.

ಯೂನಿಟ್ಟಿನ ಲೆಕ್ಕವನ್ನು ನನಗೆ ತಿಳಿಯುವಂತೆ ಹೇಳಿಕೊಟ್ಟವನೂ ಅವನೇ. ಯೂನಿಟ್ಟೆಂದರೆ ಮೆಟ್ಟಿಲಂತೆ. ಕೆಳಗಿನ ಮೆಟ್ಟಿಲಲ್ಲಿ ಕರೆಂಟು ಅಗ್ಗ, ಮೇಲೆ ಹೋದಹಾಗೆಲ್ಲ ಒಂದೊಂದು ಯೂನಿಟ್ಟಿಗೂ ದರ ಜಾಸ್ತಿ. ಆದ್ದರಿಂದ ಒಂದು ಮೀಟರಿನ ಮೇಲೆ ಎರಡು ಸಂಸಾರ ಇದ್ದರೆ ಇಬ್ಬರೂ ಸೇರಿ ಬೇಗ ಮೇಲಿನ ಮೆಟ್ಟಿಲಿಗೆ ಹೋಗಿಬಿಡುತ್ತಾರೆ. ಮಹಡಿ ಮನೆಗೆ ಬೇರೆ ಮೀಟರು ಹಾಕಿಸು ಎಂದು ನನಗೆ ಮೂರು ಸಲ ಹೇಳಿದ್ದ. ನಾನು ಮೂರು ಸಲವೂ ಕಾಫಿ ಕೊಟ್ಟು ಕಳಿಸಿದ್ದೆ.

ಆ ಮಹಡಿ ಮನೆಯಲ್ಲಿ ಲಕ್ಷ್ಮೀದೇವಿ ಬಾಡಿಗೆಗೆ ಇದ್ದಳು. ಕುಂದುರ್ಪಿ ಕಡೆಯವಳು. ಗಂಡ ಲಾರಿ ಮೇಲೆ ಹೋದರೆ ಹದಿನೈದು ದಿನಕ್ಕೆ ಒಮ್ಮೆ ಮುಖ ತೋರಿಸುತ್ತಿದ್ದ. ಇವಳು ರವಿಕೆ ಹೊಲಿದು, ಸೀರೆಗೆ ಫಾಲ್ಸು ಹಾಕಿ, ಹತ್ತನೇ ಕ್ಲಾಸಿನ ಮಗಳನ್ನು ಓದಿಸುತ್ತಿದ್ದಳು. ಹೊಲಿಗೆ ಮಿಷಿನ್ನಿಗೆ ಒಂದು ಪುಟಾಣಿ ಮೋಟಾರು ಇತ್ತು. ಬೇಸಿಗೆ ಶುರುವಾದಾಗ ನಮ್ಮ ಬಿಲ್ಲು ಏರಿತು. ಮುಂದಿನ ತಿಂಗಳು ಇನ್ನೂ ಏರಿತು. ಮಗ ಆ ಉದ್ದನೆಯ ಚೀಟಿ ಹಿಡಿದು ಫ್ಯಾನು ಆರಿಸುತ್ತಾ ಮನೆಯೆಲ್ಲ ತಿರುಗಿದ. ನಾನು ಎರಡು ದಿನ ಯೋಚಿಸಿ, ಕಳ್ಳಿ ಸಿಕ್ಕಿದಳು ಎಂದುಕೊಂಡೆ. ಮಹಡಿ ಹತ್ತಿ, ನಿನ್ನ ಮಿಷಿನ್ನು ನಮ್ಮ ಮನೆಯ ಕರೆಂಟನ್ನೆಲ್ಲ ಕುಡಿಯುತ್ತಿದೆ ಎಂದೆ. ಅವಳು ತಲೆ ತಗ್ಗಿಸಿಕೊಂಡಳು. ಅದರ ಮುಂದಿನ ಬಿಲ್ಲೂ ಇಳಿಯದಿದ್ದಾಗ, ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದುಬಿಟ್ಟೆ. ಮಗಳ ಪರೀಕ್ಷೆ ಮುಗಿಯುವವರೆಗಾದರೂ ಇರುತ್ತೇನೆ ಎಂದು ಕೇಳಿಕೊಂಡಳು. ನಾನು ಕರಗಲಿಲ್ಲ. ನೆನೆಸಿಕೊಂಡರೆ ಈಗಲೂ ನನ್ನ ಮೂತಿಗೆ ನಾನೇ ತಿವಿದುಕೊಳ್ಳಬೇಕು ಅನ್ನಿಸುತ್ತದೆ.

ಅವಳು ಹೋಗುವ ಮೊದಲು ಅವಳ ತಪ್ಪನ್ನು ಗಟ್ಟಿಮಾಡಿಕೊಳ್ಳೋಣ ಎಂದು ಅಂಜಿನಪ್ಪನನ್ನು ಕರೆಸಿದೆ. ಅವನು ಬಂದವನೇ ಮೀಟರು ನೋಡಿದ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಲು ಹೇಳಿದ. ಆಮೇಲೆ ಒಂದು ಬೊಗಸೆ ಹುಣಸೆ ಬೀಜ ಕೇಳಿದ. ಅವನ ಲೆಕ್ಕವೇ ಹಾಗೆ. ಮೀಟರಿನ ಮುಂದೆ ಸ್ಟೂಲು ಹಾಕಿಕೊಂಡು, ಒಂದೊಂದು ವಸ್ತುವನ್ನೇ ಐದೈದು ನಿಮಿಷ ಹಾಕಿಸಿ, ಕೆಂಪು ದೀಪ ಮಿಟುಕಿದ ಹಾಗೆಲ್ಲ ಒಂದೊಂದು ಬೀಜ ಕೆಳಗೆ ಇಡುತ್ತಿದ್ದ. ಯಾವುದರ ಗುಡ್ಡೆ ದೊಡ್ಡದೋ ಅದೇ ತಿಂದದ್ದು. ಬೇರೆ ಮನೆಗಳಲ್ಲಿ ಟ್ಯೂಬ್‌ಲೈಟಿಗೆ ಐದು ಬೀಜ ಬೀಳುತ್ತಿದ್ದವು. ಫ್ಯಾನಿಗೆ ಅದರ ನಾಲ್ಕರಷ್ಟು.

"ಮೇಲಿನ ಮಿಷಿನ್ನು ನೋಡು ಮೊದ್ಲು" ಎಂದು ಅವನು ಲೆಕ್ಕ ಶುರುಮಾಡುವ ಮೊದಲೇ ನಾನು ಅವಸರ ಮಾಡಿದೆ. ಇಬ್ಬರೂ ಮಹಡಿ ಹತ್ತಿದೆವು. ಅಂಜಿನಪ್ಪ ಮಿಷಿನ್ನಿನ ಹತ್ತಿರ ಕೂತು, ಮೋಟಾರಿನ ಮೇಲೆ ಕೈಯ ಹಿಂಬದಿ ಇಟ್ಟ. ಕೈಗೆ ಬೂದಿಯಂಥ ಧೂಳು ಮೆತ್ತಿಕೊಂಡಿತು.

"ಇದು ತಿರುಗಿ ಎಷ್ಟು ದಿನ ಆತಮ್ಮ?" ಎಂದು ಲಕ್ಷ್ಮೀದೇವಿಯನ್ನು ಕೇಳಿದ.

"ಒಂದ್ ತಿಂಗ್ಳ ಮೇಲಾತಣ್ಣ. ಅವ್ವ ಬಯ್ದ್ರಲ್ಲ, ಅವತ್ತೇ ಮೋಟ್ರಿನ ಬೆಲ್ಟು ಬಿಚ್ಚಿಟ್ಟೆ. ಕಾಲಲ್ಲೇ ತುಳೀತಿದೀನಿ" ಎಂದಳು ಅವಳು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ ಎನ್ನುವ ಹಾಗೆ.

ಅಂಜಿನಪ್ಪ ನನ್ನ ಕಡೆ ತಿರುಗಲಿಲ್ಲ. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು.

ಕೆಳಗೆ ಬಂದ ಮೇಲೆ ಮತ್ತೆ ಎಲ್ಲ ಆರಿಸಲು ಹೇಳಿದ. ಮನೆಯಲ್ಲಿ ಸದ್ದೇ ಇಲ್ಲ, ಆದರೂ ಕೆಂಪು ದೀಪ ಮಿಟುಕುತ್ತಲೇ ಇತ್ತು. ಐದು ನಿಮಿಷಕ್ಕೆ ಐವತ್ತಕ್ಕೂ ಮೇಲೆ ಬೀಜ ಬಿದ್ದವು. "ಸ್ವಲ್ಪ ಹೊತ್ತು ತಡಿಯೋಣ. ಫ್ರಿಜ್ಜಾದ್ರೆ ಮಧ್ಯ ಮಧ್ಯ ಕೂತ್ಕಂತೈತೆ" ಎಂದು ಒಂದು ಗಂಟೆ ಕೂತ. ನನ್ನ ಎರಡು ಲೋಟ ಕಾಫಿ ಮುಗಿದವು. ದೀಪ ನಿಲ್ಲಲಿಲ್ಲ. "ಇದು ಕೂರೋದೇ ಇಲ್ವಲ್ಲಕ್ಕ, ಯಾವ್ದು ಇದು?" ಎಂದ.

ನನಗೆ ಗೊತ್ತಿತ್ತು. ಅಡುಗೆಮನೆಗೆ ಹೊಸ ಫ್ರಿಜ್ಜು ಬಂದಾಗ ಹಳೆಯದನ್ನು ಮಾರಲು ನಾನು ಬಿಟ್ಟಿರಲಿಲ್ಲ. ಹಿಂದಿನ ಮಗ್ಗದ ಮನೆಯಲ್ಲಿ ಇರಿಸಿಕೊಂಡಿದ್ದೆ. ಅದನ್ನು ಬೀರುವಿನ ಹಾಗೆ ಬಳಸುತ್ತೇನೆ, ಕರೆಂಟು ಕೊಡುವುದಿಲ್ಲ ಎಂದು ಮಗನಿಗೆ ಹೇಳಿದ್ದೆ. ಆದರೆ ಹುಣಸೆಹಣ್ಣಿನ ಕಾಲದಲ್ಲಿ ನಮ್ಮ ಊರಿಗೆ ಬರುವಂಥ ಹಣ್ಣು ಬೇರೆಲ್ಲಿ ಸಿಗುತ್ತದೆ ಹೇಳಿ. ವರ್ಷಕ್ಕಾಗುವಷ್ಟು ತಂದು ಅದರೊಳಗೆ ಒತ್ತೊತ್ತಿ ತುಂಬಿ, ಕಪ್ಪಾಗದೆ ಕೆಂಪಗೇ ಇರಲಿ ಎಂದು ಮೆಲ್ಲಗೆ ಪ್ಲಗ್ಗನ್ನೂ ಹಾಕಿದ್ದೆ. ತುಂಬಿದ ಮೇಲೆ ಬಾಗಿಲು ಸರಿಯಾಗಿ ಕೂರದೆ ಹಗ್ಗ ಕಟ್ಟಿದ್ದೆ. ಸೆಕೆ ಹೆಚ್ಚಾದಾಗ ತಂಪು ಆಚೆ ಹೋಗದಿರಲಿ ಎಂದು ಅದನ್ನು ಗೋಡೆಗೆ ಒತ್ತಿ, ಮೇಲಿನಿಂದ ಕೆಳಗಿನವರೆಗೆ ಎರಡು ಕೌದಿ ಹೊದಿಸಿದ್ದೆ.

ಅಂಜಿನಪ್ಪ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ನೋಡಿದ. ಕೌದಿಯೊಳಗೆ ಕೈ ತೂರಿಸಿದ.

"ಜ್ವರ ಬಂದೋಳಿಗೆ ಕೌದಿ ಹೊದ್ಸಿದಂಗೈತಲ್ಲಕ್ಕ."

ಐಸು ಮಾರುವವನು ಗೋಣಿಚೀಲ ಸುತ್ತುವುದಿಲ್ಲವೇ, ನಾನು ಮಾಡಿದ್ದೂ ಅದೇ ಎಂದು ವಾದಿಸಿದೆ.

"ಐಸಿಗೆ ಮೋಟ್ರಿಲ್ಲ ಕಣಕ್ಕ" ಎಂದ. ಫ್ರಿಜ್ಜು ತನ್ನೊಳಗಿನ ಸೆಕೆಯನ್ನು ಹೊತ್ತುಕೊಂಡು ಬಂದು ಬೆನ್ನಿನಿಂದ, ಪಕ್ಕೆಯಿಂದ ಆಚೆ ಎಸೆಯುತ್ತದೆ, ನೀನು ಎಸೆಯುವ ದಾರಿಯನ್ನೇ ಮುಚ್ಚಿದ್ದೀಯ ಎಂದು ಬಿಡಿಸಿ ಹೇಳಿದ. ಬಾಗಿಲ ಸಂದಿಯಿಂದ ಬಿಸಿಗಾಳಿ ಒಳಗೆ, ಕೌದಿಯಿಂದ ಸೆಕೆ ಅಲ್ಲೇ. ಅದು ಕೂರುವುದಾದರೂ ಹೇಗೆ? ಆಮೇಲೆ ಪ್ಲಗ್ಗು ಕಿತ್ತು, ಅದರ ಪಕ್ಕೆ ತಟ್ಟಿ, "ಪಡುಕೋ ತಲ್ಲೀ" ಎಂದ, ಮಲಗಿಕೋ ತಾಯೀ ಎಂದು.

ನಾನು ಅವನ ಕೈ ಹಿಡಿದುಕೊಂಡು, ವೈರು ಹಳೆಯದಾಗಿದೆ ಎಂದು ನೀನೇ ಲಕ್ಷ್ಮೀದೇವಿಗೆ ಹೇಳಿಬಿಡು ಎಂದೆ. ಅವನು ಕೌದಿಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಾ, "ನಾನು ಮೋಟ್ರು ಕೆಲ್ಸದೋನು. ಅದು ನನ್ ಕೆಲ್ಸ ಅಲ್ಲ" ಎಂದು ಹೊರಗೆ ಹೋಗಿ ಮೆಟ್ಟಿಲ ಕೆಳಗೆ ಕೂತ.

ಒಬ್ಬಳೇ ಮಹಡಿ ಹತ್ತಿದೆ. ಲಕ್ಷ್ಮೀದೇವಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಇದನ್ನೆಲ್ಲ ಫೋನಿನಲ್ಲಿ ಒಂದೇ ಬೆರಳಲ್ಲಿ ಒತ್ತಿ ಬರೆಯುತ್ತಿರುವ ನನಗೆ ಸುಳ್ಳು ಸೇರಿಸಲು ಪುರುಸೊತ್ತಿಲ್ಲ. ಆದರೆ ಬಾಯಲ್ಲಿ ಆಡುವಾಗ ಅದು ಬಲು ಸಲೀಸು. ವೈರಿನದೇ ತೊಂದರೆಯಂತೆ, ನಿನ್ನದೇನೂ ಇಲ್ಲವಂತೆ, ಇರು ಎಂದೆ.

"ಹೋಗ್ಲಿ ಬುಡವ್ವ, ವೈರು ಸರಿ ಮಾಡಿಸ್ಕಳ್ಳಿ. ಮುಂದೆ ಬರೋರಿಗಾದ್ರೂ ಅನುಕೂಲ ಆಗ್ಲಿ" ಎಂದು ಅವಳು ಗಂಟನ್ನು ಇನ್ನಷ್ಟು ಬಿಗಿದಳು.

ಕೋಪ ಮಾಡಿಕೊಂಡಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಅವಳು ಹೇಳಿದ್ದು ಅಷ್ಟು ಮೆತ್ತಗೆ. ಅಲ್ಲೇ ನೆಲದ ಮೇಲೆ ಕೂತು, ಹಳೆಯ ಫ್ರಿಜ್ಜಿನಿಂದ ಹಿಡಿದು ಹುಣಸೆಹಣ್ಣು, ಹಗ್ಗ, ಮಗನಿಗೆ ಹೇಳಿದ ಸುಳ್ಳು ಎಲ್ಲ ಹೇಳಿದೆ. ನಾನೇ ತಪ್ಪು ಮಾಡಿ ನಿನ್ನ ಮೇಲೆ ಹಾಕಿದೆ ಕಣಮ್ಮ ಎಂದೆ. ಅವಳ ಕೈ ನಿಂತಿತು.

"ಕೌದೀನಾ ಅವ್ವ?"

"ಹೂಂ. ಎರಡು."

ಅವಳು ಮೊದಲು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಆ ನೀರು ನಗುವಿನದಾಗಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮಂಡಿ ಭಾಳ ನೋಯ್ತೈತೆ ಅವ್ವ. ಅಣ್ಣ ಕೆಳಗವ್ರಲ್ಲ, ಬೆಲ್ಟು ಹಾಕಿ ಕೊಡಕ್ಕೆ ಹೇಳಿ" ಎಂದಳು. ಗಂಟು ಬಿಚ್ಚಿದ್ದು ನಾನು. ಅವಳು ಬೇಡವೆಂದರೂ ಪಾತ್ರೆಗಳನ್ನೆಲ್ಲ ಗೋಡೆಯ ಹಲಗೆಯ ಮೇಲೆ ನಾನೇ ಜೋಡಿಸಿದೆ.

ಅದೇ ವಾರ ಮಹಡಿಗೆ ಬೇರೆ ಮೀಟರಿಗೆ ಅರ್ಜಿ ಕೊಟ್ಟೆವು. ಹಳೆಯ ಫ್ರಿಜ್ಜು ಗುಜರಿಗೆ ಹೋಯಿತು. ಹುಣಸೆಹಣ್ಣು ನಮ್ಮತ್ತೆಯ ಕಾಲದ ಹಾಗೆ ಉಪ್ಪು ಬೆರೆಸಿಕೊಂಡು ಜಾಡಿ ಸೇರಿತು. ಒಂದಿಷ್ಟು ಕಪ್ಪಗಾಯಿತು, ಸಾರಿಗೆ ಏನೂ ಆಗಲಿಲ್ಲ. ಮುಂದಿನ ಬಿಲ್ಲು ನೋಡಿ ಮಗ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಲಕ್ಷ್ಮೀದೇವಿಯ ಮಗಳು ನಮ್ಮ ಮಹಡಿಯಿಂದಲೇ ಪರೀಕ್ಷೆಗೆ ಹೋಗಿಬಂದಳು.

ಎರಡು ವರ್ಷದ ಹಿಂದೆ ಅಂಜಿನಪ್ಪನಿಗೆ ಕೈ ನಡುಗುವುದು ಶುರುವಾಯಿತು. ಕೂದಲೆಳೆಯಂಥ ತಂತಿ ಸುತ್ತುವವನಿಗೆ ಕೈ ನಡುಗಿದರೆ ಇನ್ನೇನಿದೆ. ಮಡಿಗೆ ಮುಚ್ಚಿ ಕಲ್ಯಾಣದುರ್ಗದಲ್ಲಿ ಮಗಳ ಮನೆ ಸೇರಿಕೊಂಡ. ಈಗ ಆ ಮಡಿಗೆಯಲ್ಲಿ ಫೋನಿನ ಗಾಜು ಬದಲಿಸುತ್ತಾರೆ. ಬಿಲ್ಲು ಹಿಡಿದುಕೊಂಡು ಅಭ್ಯಾಸಬಲದಿಂದ ಅಲ್ಲಿಯವರೆಗೆ ಹೋಗಿ ವಾಪಸ್ಸು ಬರುವವರು ಇನ್ನೂ ಇದ್ದಾರೆ.

ಹೋದ ತಿಂಗಳು ನನ್ನ ತಮ್ಮನ ಮೊಮ್ಮಗಳ ನಾಮಕರಣಕ್ಕೆ ಕಲ್ಯಾಣದುರ್ಗಕ್ಕೆ ಹೋದಾಗ ಅವನನ್ನು ನೋಡಲು ಹೋದೆ. ಲಕ್ಷ್ಮೀದೇವಿ ಅವನಿಗೆಂದು ಹೊಲಿದ ಚೀಲ ಕೊಟ್ಟೆ. ನಡುಗುವ ಬೆರಳಿನಿಂದ ಹೊಲಿಗೆ ಸವರಿ ನೋಡಿ, "ಮೋಟ್ರು ಚೆನ್ನಾಗೇ ಓಡ್ತೈತೆ" ಎಂದ. ಮಗಳು ಮನೆಯ ಒಂದು ಸ್ವಿಚ್ಚನ್ನೂ ಮುಟ್ಟಗೊಡುವುದಿಲ್ಲ ಎಂದು ದೂರಿದ. ಇಬ್ಬರೂ ಬೀದಿಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆಸಿಕೊಂಡು ನಕ್ಕೆವು. ಎದ್ದು ಹೊರಡುವಾಗ ಕೆಣಕೋಣ ಎನ್ನಿಸಿತು. ಅವತ್ತು ಮಹಡಿಗೆ ನೀನೇ ಹೋಗಿ ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತಲ್ಲ, ನಿನಗೆ ಅಷ್ಟು ಜಂಬವೇನೋ ಎಂದೆ.

"ನಾನು ಹೇಳಿದ್ರೆ ತಪ್ಪು ವೈರಿಂದಾಗ್ತಿತ್ತು, ನಿಂದಾಗ್ತಿರ್ಲಿಲ್ಲ ಕಣಕ್ಕ" ಎಂದ ಅಂಜಿನಪ್ಪ. "ವೈರಿನ ಮಾತು ಕೇಳಿ ಯಾರಾದ್ರೂ ಗಂಟು ಬಿಚ್ತಾರಾ?"