ಚೌಕಳಿಯಲ್ಲಿ ಎಣಿಸಿದ ನವಿಲು

ನನ್ನ ಬ್ರೌಸರಿನ ಬಲಮೂಲೆಯಲ್ಲಿ ಹನ್ನೊಂದು ಆಡ್-ಆನ್‌ಗಳಿವೆ. ಒಂದು ಜಾಹೀರಾತುಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಒಂದು ಪುಟದ ಯಾವ ಬಣ್ಣವನ್ನು ತೋರಿಸಿದರೂ ಅದರ ನಂಬರು ಹೇಳುತ್ತದೆ. ಇನ್ನೊಂದು, ನಾನು ಮುಚ್ಚಲು ಮನಸ್ಸು ಮಾಡದ ನಲವತ್ತು ಟ್ಯಾಬುಗಳನ್ನು ಒಂದೇ ಪಟ್ಟಿಗೆ ಇಳಿಸಿ, ನಾನು ಬಹಳ ಅಚ್ಚುಕಟ್ಟಿನ ಹೆಂಗಸು ಎಂಬ ಭ್ರಮೆ ಹುಟ್ಟಿಸುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಪುಟದ ಮೇಲೆ ಚೌಕಳಿ ಹಾಸುವ ಆಡ್-ಆನ್. ನಾನು ವೆಬ್ ಪುಟಗಳನ್ನು ಪರೀಕ್ಷಿಸುವವಳು. ಯಾರೋ ಮಾಡಿದ ಪುಟದಲ್ಲಿ ಬಟನ್ ನಾಲ್ಕು ಪಿಕ್ಸೆಲ್ ಎಡಕ್ಕೆ ಸರಿದಿದೆ ಎಂದು ದೂರು ಬರೆಯುವುದೇ ನನ್ನ ಹೊಟ್ಟೆಪಾಡು. ಕಂಪನಿ ಹುಬ್ಬಳ್ಳಿಯಲ್ಲಿದೆ, ನಾನು ನವಲಗುಂದದ ನಮ್ಮ ಮನೆಯ ಒಳಕೋಣೆಯಲ್ಲಿದ್ದೇನೆ.

ಆ ಕೋಣೆಯ ಗೋಡೆಯಾಚೆ ಮಗ್ಗವಿದೆ. ನಮ್ಮದು ಜಮಖಾನ ನೇಯುವ ಮನೆತನ. ನೇಯುವವರು ಹೆಂಗಸರೇ. ನೂಲಿನ ಸಾಲನ್ನು ಕೆಳಕ್ಕೆ ಬಡಿಯಲು ಪಂಜಾ ಎಂಬ ಕಬ್ಬಿಣದ ಬಾಚಣಿಗೆಯಂಥ ಉಪಕರಣ ಇರುತ್ತದೆ. ಮೀಟಿಂಗಿನ ನಡುವೆ ಅದರ ಸದ್ದು ಕೇಳಿ, "ನಿಮ್ಮಲ್ಲಿ ಕಟ್ಟಡದ ಕೆಲಸ ನಡೆದಿದೆಯಾ?" ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಹೌದು ಎಂದುಬಿಡುತ್ತೇನೆ. ನಿಜ ಹೇಳಿದರೆ, ನಿನಗೂ ನೇಯಲು ಬರುತ್ತದೆಯೇ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ.

ನನಗೆ ಬರುವುದಿಲ್ಲ. ನಮ್ಮ ಮನೆಯಲ್ಲಿ ಜಮಖಾನದ ಮೇಲೆ ನವಿಲು ಮೂಡಿಸುವ ಎಳೆಗಳ ಎಣಿಕೆಯನ್ನು ಸೊಸೆಗೆ ಕಲಿಸುತ್ತಾರೆ, ಮಗಳಿಗಲ್ಲ. ಮಗಳು ಮದುವೆಯಾಗಿ ಹೋಗುವವಳು, ಎಣಿಕೆಯನ್ನೂ ಕಟ್ಟಿಕೊಂಡು ಇನ್ನೊಂದು ಮನೆಗೆ ಹೋಗುತ್ತಾಳೆ ಎಂಬ ಲೆಕ್ಕಾಚಾರ. ಅಜ್ಜಿ ಸೊಸೆಯಾಗಿ ಬಂದ ನನ್ನ ತಾಯಿಗೆ, ಅಮ್ಮಿಗೆ, ಕಲಿಸಿದಳು, ತನ್ನ ಮೂವರು ಹೆಣ್ಣುಮಕ್ಕಳಿಗೆ ಕಲಿಸಲಿಲ್ಲ. ಎಲ್ಲಿಯೂ ಬರೆದಿಟ್ಟಿಲ್ಲ. ಮಗ್ಗಕ್ಕೆ ಬಿಗಿದ ಉದ್ದ ನೂಲಿನ, ಅಂದರೆ ಹಾಸಿನ, ಎಷ್ಟು ಎಳೆ ಎತ್ತಬೇಕು, ಎಷ್ಟು ಬಿಡಬೇಕು ಎಂದು ಅಮ್ಮಿ ಸಣ್ಣ ದನಿಯಲ್ಲಿ, ಹಾಡಿನಂತೆ ಹೇಳಿಕೊಳ್ಳುತ್ತಾಳೆ. ಚಿಕ್ಕವಳಿದ್ದಾಗ ನಾನು ಒಳಗೆ ಹೋದರೆ ಆ ದನಿ ನಿಲ್ಲುತ್ತಿತ್ತು. "ಚಹಾ ಅಲ್ಲೇ ಇಟ್ಟು ಹೋಗು," ಎನ್ನುತ್ತಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಕೇಳಲು ಹೋಗಿ ಪೆಟ್ಟು ತಿಂದಿದ್ದೇನೆ.

ಅದನ್ನೂ ಸಹಿಸಿಕೊಂಡಿದ್ದೆ. ಆದರೆ ಹೋಗುವವಳು ಎನಿಸಿಕೊಂಡ ನಾನು ಹೋಗಲೇ ಇಲ್ಲ. ಒಂದು ಸಂಬಂಧ ನನಗೆ ಒಗ್ಗಲಿಲ್ಲ, ಎರಡು ಸಂಬಂಧಗಳಿಗೆ ನಾನು ಒಗ್ಗಲಿಲ್ಲ, ಆಮೇಲೆ ಕೇಳಿಕೊಂಡು ಬರುವವರು ಕಡಿಮೆಯಾದರು. ಏಳು ವರ್ಷದ ಹಿಂದೆ ತಮ್ಮನ ಮದುವೆಯಾಗಿ ಅವನ ಹೆಂಡತಿ ಕುಂದಗೋಳದಿಂದ ಬಂದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಹಾಸು ಯಾವುದು, ಹೊಕ್ಕು ಯಾವುದು ಎಂದು ತಿಳಿಯದವಳನ್ನು ಅಮ್ಮಿ ಕೈಹಿಡಿದು ಕರೆದೊಯ್ದು ಮಗ್ಗದ ಮುಂದೆ ಕೂರಿಸಿದಳು. ನಾನು ಈಚೆಗೆ ಕೂತು ಯಾವುದೋ ಪುಟದ ಬಟನ್ ಅಳೆಯುತ್ತಿದ್ದೆ. ಗೋಡೆಯಾಚೆ ಅಮ್ಮಿಯ ಎಣಿಕೆ, ಅದರ ಹಿಂದೆ ಅವಳ ಎಣಿಕೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಮಗಳಿಗೆ ಯಾವ ಕಾಲ ಎಂದು ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ.

ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಮರ್ಯಾದೆಯ ಹೆಸರು ಹುಡುಕುವುದಿಲ್ಲ. ಅವಳ ಕೈಗೆ ಹತ್ತಿದ ಕೆಂಪು ಬಣ್ಣ ಕಂಡರೆ ಉರಿಯುತ್ತಿತ್ತು. ನೋಡಲು ಬಂದವರು ಜಮಖಾನ ಸವರಿ, "ಸೊಸಿ ಕೈ ಅಗದಿ ಅತ್ತಿ ಕೈನs," ಎಂದರೆ ಉರಿಯುತ್ತಿತ್ತು. ಆಮೇಲೆ ಅವರು ನನ್ನತ್ತ ತಿರುಗಿ, "ನಿಂದು ಕಂಪ್ಯೂಟರ್ ಕೆಲಸ ಅಲ್ಲೇನವಾ? ಛಲೋ ಆತು ಬಿಡು," ಎನ್ನುವರು. ಕಲಿಯಲು ಬಾರದ ಮಗುವಿನ ತಲೆ ಸವರುವಂತಿರುತ್ತಿತ್ತು ಆ ಮಾತು.

ಒಂದು ದಿನ ಅವಳು ಫೋನು ಹಿಡಿದು ನನ್ನ ಕೋಣೆಗೆ ಬಂದಳು. ಯಾರೋ ಗಿರಾಕಿ ಗೋಡೆಯ ಫೋಟೋ ಕಳಿಸಿ, ಅದೇ ಬಣ್ಣದ ಅಂಚು ಬೇಕು ಎಂದಿದ್ದರಂತೆ.

"ಆಪಾ, ಈ ಫೋಟೋದಾಗಿನ ಬಣ್ಣ ಖರೇ ಯಾವದು ಅಂತ ಕಂಪ್ಯೂಟರ್‌ನ್ಯಾಗ ಗೊತ್ತಾಗತೈತೇನ್ರಿ?"

ಬಣ್ಣ ಹೇಳುವ ಆಡ್-ಆನ್ ನನ್ನ ಕಣ್ಣೆದುರೇ ಇತ್ತು. ಒಂದು ಸಲ ಒತ್ತಿದರೆ ಸಾಕು.

"ಅದಕ್ಕ ಕೋರ್ಸ್ ಮಾಡಬೇಕಾಗತೈತಿ," ಎಂದೆ.

"ಹೌದ್ರಿ?" ಎಂದು ನಂಬಿ ಹೋದಳು. ನಿನಗೆ ನಿನ್ನ ಗುಟ್ಟು, ನನಗೆ ನನ್ನದು ಎಂದು ಆ ದಿನವಿಡೀ ಹಿಗ್ಗಿದೆ. ವಾರದ ನಂತರ ನೂಲಿಗೆ ಬಣ್ಣ ಹಾಕಿ ಬಿಸಿಲಿಗೆ ನೇತುಹಾಕಿದಳು. ಕಣ್ಣಂದಾಜಿನ ಮೇಲೆಯೇ ಬಣ್ಣ ಸರಿಯಾಗಿ ಬಂದಿತ್ತು. ನಾನು ಫೋಟೋ ತೆಗೆದು ಕದ್ದು ಹೋಲಿಸಿದೆ, ನಂಬರುಗಳು ಹತ್ತಿರ ಹತ್ತಿರವೇ ಇದ್ದವು. ರಾತ್ರಿ ಊಟ ರುಚಿಸಲಿಲ್ಲ.

ಹಾಗೆ ಹೋಲಿಸುವಾಗಲೇ ಚೌಕಳಿಯ ನೆನಪಾಯಿತು. ಪಡಸಾಲೆಯ ಗೋಡೆಗೆ ಅಜ್ಜಿ ನೇಯ್ದ ನವಿಲಿನ ಜಮಖಾನ ತೂಗುಹಾಕಿದೆ. ಅದರ ಫೋಟೋ ತೆಗೆದೆ, ಬ್ರೌಸರಿನಲ್ಲಿ ತೆರೆದು ಮೇಲೆ ಚೌಕಳಿ ಹಾಸಿದೆ. ಎರಡು ಎಳೆಯ ಅಗಲಕ್ಕೆ ಒಂದು ಚೌಕ. ಕಾಲಿಗೆ ಇಷ್ಟು, ಹೊಟ್ಟೆಗೆ ಇಷ್ಟು, ಕತ್ತಿಗೆ ಇಷ್ಟು ಎಂದು ಎಣಿಸುತ್ತ ಹೋದೆ. ಮೂರು ತಲೆಮಾರು ಸೆರಗಿನಲ್ಲಿ ಮುಚ್ಚಿಟ್ಟುಕೊಂಡದ್ದು ಅರ್ಧ ಗಂಟೆಯಲ್ಲಿ ನನ್ನ ಪರದೆಯ ಮೇಲಿತ್ತು. ಗೆದ್ದೆ ಎಂದುಕೊಂಡೆ.

ಮುಂದಿನ ಗುರುವಾರ ಅಮ್ಮಿ, ತಮ್ಮ, ಅವನ ಹೆಂಡತಿ ಯಮನೂರಿನ ದರ್ಗಾಕ್ಕೆ ಹೊರಟರು. ನನಗೆ ಮೀಟಿಂಗ್ ಇದೆ ಎಂದು ಸುಳ್ಳು ಹೇಳಿದೆ. ಬಸ್ಸು ಹಿಡಿಯಲು ಅವರು ಓಣಿ ದಾಟಿದ್ದೇ ತಡ, ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಮಗ್ಗದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಯಾರದೋ ಮದುವೆಗೆಂದು ಹಾಕಿದ ಜಮಖಾನ ಮಗ್ಗದ ಮೇಲಿತ್ತು. ಅಂಚು ಮುಗಿದು, ನವಿಲು ಶುರುವಾಗಬೇಕಿತ್ತು. ಒಂದು ನವಿಲನ್ನಾದರೂ ನೇಯ್ದು ತೋರಿಸಿದರೆ ಅಮ್ಮಿ ಇನ್ನು ನನ್ನನ್ನು ಹೊರಗಿಡಲಾರಳು. ನನಗೆ ಬೇಕಿದ್ದದ್ದು ಮಗ್ಗದ ಮುಂದೆ ನೇಯುವವರು ಕೂರುವ ಹಲಗೆಯ ಮೇಲೆ ಒಂದು ಜಾಗ, ಅಷ್ಟೇ.

ಒಂದು ಚೌಕಕ್ಕೆ ಒಂದು ಸಾಲು. ಎತ್ತಿದೆ, ನೂಲು ಹಾಯಿಸಿದೆ, ಪಂಜಾದಿಂದ ಬಡಿದೆ. ಬಡಿಯುವ ರೀತಿ ನೋಡಿ ನೋಡಿ ಗೊತ್ತಿತ್ತು. ಕೈಬೆರಳು ಕೆಂಪಾದವು, ಬೆನ್ನು ಸೆಟೆದುಕೊಂಡಿತು, ಖುಷಿಯೋ ಖುಷಿ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲಿನ ನವಿಲು ತುರಾಯಿಯವರೆಗೆ ಮುಗಿಯಿತು. ಎದ್ದು ಎರಡು ಹೆಜ್ಜೆ ಹಿಂದೆ ಸರಿದು ಮಗ್ಗ ನೋಡಿದೆ.

ಅಲ್ಲಿ ಇದ್ದದ್ದು ನವಿಲಲ್ಲ, ಕಾವಿಗೆ ಕೂತ ಕೋಳಿ. ಅಗಲ ಸರಿಯಾಗಿತ್ತು, ಎತ್ತರ ನಾಲ್ಕು ಬೆರಳೂ ಇರಲಿಲ್ಲ. ಪರದೆಯ ಚೌಕಕ್ಕೆ ನಾಲ್ಕೂ ಕಡೆ ಒಂದೇ ಅಳತೆ. ಪಂಜಾದ ಏಟು ತಿಂದ ನೂಲಿನ ಸಾಲು ಅಷ್ಟು ಎತ್ತರ ಇರುವುದಿಲ್ಲ, ಕೂತುಬಿಡುತ್ತದೆ. ಒಂದು ಚೌಕಕ್ಕೆ ಎಷ್ಟು ಸಾಲು ಬಡಿದರೆ ಕತ್ತು ಮೇಲೇಳುತ್ತದೆ ಎಂಬುದು ಅಮ್ಮಿಯ ಹಾಡಿನಲ್ಲಿತ್ತು, ಫೋಟೋದಲ್ಲಿರಲಿಲ್ಲ. ನಾಲ್ಕು ಪಿಕ್ಸೆಲ್ಲಿಗೆ ಇನ್ನೊಬ್ಬರ ಜೀವ ತಿನ್ನುವವಳು ನಾನು, ಇಷ್ಟು ದೊಡ್ಡದನ್ನು ಕಾಣದೆ ಹೋಗಿದ್ದೆ.

ಬಿಚ್ಚಲು ಕೂತೆ. ಎರಡು ಸಾಲು ಬಿಚ್ಚುವಷ್ಟರಲ್ಲಿ ಬಾಗಿಲ ಸದ್ದಾಯಿತು. ಪರಿಚಯದವರ ಗಾಡಿ ಸಿಕ್ಕು ಅವರು ಬೇಗನೇ ಬಂದುಬಿಟ್ಟಿದ್ದರು. ಮೊದಲು ಒಳಗೆ ಬಂದವಳು ತಮ್ಮನ ಹೆಂಡತಿ. ಮಗ್ಗ ನೋಡಿದಳು, ಸ್ಟೂಲಿನ ಮೇಲಿನ ಲ್ಯಾಪ್‌ಟಾಪ್ ನೋಡಿದಳು, ನನ್ನ ಮುಖ ನೋಡಿದಳು. ಏನೂ ಕೇಳದೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು. ಅಷ್ಟರಲ್ಲಿ ಅಮ್ಮಿಯೂ ಬಂದಳು.

"ನಂದs ತಪ್ಪರಿ, ಅಮ್ಮಿ. ನಿನ್ನೆ ಎಣಿಕಿ ತಪ್ಪೇನಿ. ಬಿಚ್ಚಾಕ ಆಪಾಗ ನಾನs ಹೇಳಿದ್ದೆ," ಎಂದಳು.

ಅವಳು ನನ್ನನ್ನು ಕಾಪಾಡುತ್ತಿದ್ದಳು. ಕೋರ್ಸ್ ಮಾಡಬೇಕು ಎಂದು ನಾನು ಸುಳ್ಳು ಹೇಳಿ ಕಳಿಸಿದವಳು ನನಗಾಗಿ ಸುಳ್ಳು ಹೇಳುತ್ತಿದ್ದಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋಗಬೇಕೆ?

ಅಮ್ಮಿ ಬಾಗಿ ಆ ಕೋಳಿಯನ್ನು ಹೆಬ್ಬೆರಳಿನಿಂದ ಸವರಿದಳು. "ನಿನ್ನೆ ಸಂಜೀಕ ಮಗ್ಗಕ್ಕ ಬಟ್ಟಿ ಹೊಚ್ಚಿದಾಕಿ ನಾನು, ಆಗ ಇದು ಇರಲಿಲ್ಲ. ಮತ್ತ ನಿನ್ನ ಕೈ ನನಗ ಗೊತ್ತಿಲ್ಲೇನು? ಇದು ನಿಂದಲ್ಲ," ಎಂದು ನನ್ನ ಕಡೆ ನೋಡಿದಳು.

ನನಗೆ ತಡೆಯಲಾಗಲಿಲ್ಲ. "ಹೌದು, ನಾನs ಮಾಡೇನಿ. ಹೊರಗಿಂದ ಬಂದಾಕಿಗೆ ಕೊಟ್ಟಿ, ಹೊಟ್ಟ್ಯಾಗ ಹುಟ್ಟಿದಾಕಿಗೆ ಯಾಕ ಕೊಡಲಿಲ್ಲ? ಹೋಗಾಕಿ, ಹೋಗಾಕಿ ಅಂದಿ. ಎಲ್ಲಿ ಹೋಗೇನಿ ನಾನು? ಮೂವತ್ತಾರು ವರ್ಷ ಆತು, ಇದs ಮನ್ಯಾಗ ಅದೇನಿ!"

ಬೈಯುತ್ತಾಳೆ ಎಂದುಕೊಂಡೆ. ಅಮ್ಮಿ ಬುರ್ಖಾ ತೆಗೆದು ಮಡಚಿದಳು, ಮಡಚಿದ್ದನ್ನು ಮತ್ತೆ ಬಿಡಿಸಿ ಮಡಚಿದಳು.

"ಗೊತ್ತೈತಿ," ಎಂದಳು. "ಅದಕ್ಕs ಕಲಿಸಲಿಲ್ಲ. ನಿನಗ ಎಣಿಕಿ ಹೇಳಿಕೊಟ್ಟ ದಿನ, ಇನ್ನ ನೀ ಎಲ್ಲೂ ಹೋಗಾಕಿ ಅಲ್ಲ ಅಂತ ನಾನs ಒಪ್ಪಿಕೊಂಡಂಗ ಆಗತಿತ್ತು. ತಾಯಿ ಹೆಂಗ ಒಪ್ಪಿಕೋಬೇಕು, ಹೇಳು."

ಅಮ್ಮಿ ಹಲಗೆಯ ಮೇಲೆ ಕೂತಳು. ಆಮೇಲೆ ಒಂದು ಕಡೆಗೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬಾ, ಇಲ್ಲೆ ಕುಂದ್ರು."

ತಮ್ಮನ ಹೆಂಡತಿ ಅಲ್ಲಿ ಕೂತ ದಿನ ಇಡೀ ಓಣಿಗೆ ಸಕ್ಕರೆ ಹಂಚಿದ್ದೆವು, ಸೊಸೆ ಮನೆಯವಳಾದಳು ಎಂದು. ನಾನು ಕೂತರೆ ಯಾರೂ ಸಕ್ಕರೆ ಹಂಚುವುದಿಲ್ಲ. ಅಮ್ಮಿ ಮತ್ತೊಮ್ಮೆ ತಟ್ಟಿದಳು. ಹೋಗಿ ಕೂತೆ. ಅವಳು ಸಣ್ಣ ದನಿಯಲ್ಲಿ, ನನಗೆ ಕೇಳುವಂತೆ, ಮೊದಲ ಸಾಲಿನಿಂದ ಎಣಿಕೆ ಹೇಳತೊಡಗಿದಳು. ನಡುವೆ ಎರಡು ಸಲ ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಹೇಳಿದಳು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟು ಪೆಟ್ಟು ತಿಂದು ಕೇಳಲು ಹೆಣಗಿದ್ದ ಎಣಿಕೆ ಅದೇ. ಆ ದಿನ ಅದರಲ್ಲಿ ಒಂದೂ ನನ್ನ ತಲೆಗೆ ಹೋಗಲಿಲ್ಲ.