ಕನ್ನಡಕ ತೆಗೆದಿಟ್ಟು ಕೇಳುತ್ತಿದ್ದವಳು

ಅವ್ವನ ಮೂಗಿನ ಎರಡೂ ಬದಿಗೆ ಅವರೆಕಾಳಿನಷ್ಟು ಅಗಲದ ಎರಡು ಕೆಂಪು ತಗ್ಗುಗಳಿದ್ದವು. ದಪ್ಪ ಗಾಜಿನ ಕನ್ನಡಕ ವರ್ಷಗಟ್ಟಲೆ ಒತ್ತಿ ಆದವು. ಕನ್ನಡಕ ಹಾಕಿಕೊಂಡಿದ್ದಾಗ ಅವು ಕಾಣುತ್ತಿರಲಿಲ್ಲ. ಮನೆಯಲ್ಲಿ ಅವಳು ಕನ್ನಡಕ ತೆಗೆಯುತ್ತಿದ್ದುದು ಮುಖ ತೊಳೆಯುವಾಗ ಮತ್ತು ಮಲಗುವಾಗ ಮಾತ್ರ. ಹಾಗಾಗಿ ಆ ತಗ್ಗುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಅವಳ ವಿದ್ಯಾರ್ಥಿನಿಯರು. ಇಷ್ಟು ಬರೆಯುವಾಗಲೇ ನನಗೆ ಹೊಟ್ಟೆ ಉರಿಯುತ್ತಿದೆ.

ಚಿತ್ರದುರ್ಗದ ಹೊರಗೆ ಒಂದು ವಿಶ್ವವಿದ್ಯಾಲಯದಲ್ಲಿ ಅವ್ವ ಆಪ್ತಸಮಾಲೋಚಕಿಯಾಗಿದ್ದಳು. ನಿದ್ದೆ ಬಾರದವರು, ಪರೀಕ್ಷೆ ಅಂದರೆ ಕೈಕಾಲು ತಣ್ಣಗಾಗುವವರು, ಮನೆಯಲ್ಲಿ ಸಾವು ಕಂಡು ಬಂದವರು, ಯಾರನ್ನೋ ನಂಬಿ ಕೆಟ್ಟವರು, ಎಲ್ಲರೂ ಅವಳ ಕೋಣೆಗೆ ಬರುತ್ತಿದ್ದರು. ಮೊದಮೊದಲು ಯಾರೂ ಬರುತ್ತಿರಲಿಲ್ಲವಂತೆ. ಆ ಬಾಗಿಲು ತಟ್ಟಿದವಳಿಗೆ ತಲೆ ಸರಿಯಿಲ್ಲ ಎಂದು ಸಂಜೆಯೊಳಗೆ ಹಾಸ್ಟೆಲಿನ ತುಂಬ ಸುದ್ದಿಯಾಗುತ್ತಿತ್ತು. ಅವ್ವ ಒಂದು ಉಪಾಯ ಮಾಡಿದಳು. ಹುಡುಗಿಯರ ಬಸ್ ಪಾಸಿನ ಅರ್ಜಿಗೆ ಸಹಿ ಹಾಕುವ ಕೆಲಸವನ್ನು ಆಫೀಸಿನವರಿಂದ ತಾನೇ ಕೇಳಿ ಪಡೆದಳು. ಆಮೇಲೆ ಅವಳ ಕೋಣೆಯ ಹೊರಗಿನ ಬೆಂಚು ಯಾವಾಗಲೂ ತುಂಬಿರುತ್ತಿತ್ತು.

"ಬೆಂಚಿನ ಮೇಲೆ ಕುಂತೋಳು ಪಾಸಿಗೆ ಬಂದೋಳೋ ಅಳಾಕೆ ಬಂದೋಳೋ ಯಾರಿಗೂ ಗೊತ್ತಾಗಬಾರ್ದು," ಎನ್ನುತ್ತಿದ್ದಳು.

ಶಾಲೆಗೆ ರಜೆ ಬಂದರೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ನಾನು ಆ ಬೆಂಚಿನ ತುದಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದೆ. ಹುಡುಗಿಯೊಬ್ಬಳು ಒಳಗೆ ಹೋಗಿ ಕುಳಿತ ಕೂಡಲೇ ಅವ್ವ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದುದು ಬಾಗಿಲು ಮುಚ್ಚುವ ಮುಂಚೆ ನನಗೆ ಕಾಣುತ್ತಿತ್ತು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅವರ ಮುಖ ನಂಗೆ ಮಸುಕು ಕಾಣ್ತೈತೆ ಅಂತ ಗೊತ್ತಾದ್ರೆ ನಾಚ್ಕೆ ಬಿಟ್ಟು ಅಳ್ತಾರೆ ಕಣೇ," ಅಂದಳು.

ಮನೆಯಲ್ಲಿ ಆ ಭಾಗ್ಯ ನನಗಿರಲಿಲ್ಲ. ನಾನು ಏನಾದರೂ ಹೇಳಲು ಹೋದರೆ ಸೊಪ್ಪು ಬಿಡಿಸುತ್ತಲೇ "ಹೇಳು, ಕೇಳ್ತಾ ಇದೀನಿ," ಎನ್ನುತ್ತಿದ್ದಳು. ಕನ್ನಡಕದೊಳಗಿಂದ ಆ ದೊಡ್ಡ ಕಣ್ಣುಗಳು ನನ್ನ ಬಾಡಿದ ಮುಖ, ಬಾಚದ ತಲೆ, ಹರಿದ ಉಗುರು ಎಲ್ಲವನ್ನೂ ಒಂದೇ ಸಲ ನೋಡಿಬಿಡುತ್ತಿದ್ದವು. ಹೇಳಬೇಕೆಂದುಕೊಂಡಿದ್ದನ್ನು ಬಿಟ್ಟು ನಾನು ತಲೆ ಬಾಚಿಕೊಳ್ಳಲು ಎದ್ದು ಹೋಗುತ್ತಿದ್ದೆ. ಹಿರಿಯೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ಅಪ್ಪ ನನ್ನ ಊದಿದ ಮುಖ ನೋಡಿ ನಗುತ್ತಿದ್ದರು. "ನಿಮ್ಮಮ್ಮನ ಹತ್ರ ಮಾತಾಡ್ಬೇಕಂದ್ರೆ ನಾವಿಬ್ರೂ ಎಂ.ಎ.ಗೆ ಅಡ್ಮಿಷನ್ ಮಾಡಿಸ್ಬೇಕು ಕಣಮ್ಮ!"

ಕೆಲವು ಹುಡುಗಿಯರು ಅವಳನ್ನು ಮೇಡಂ ಅನ್ನುವುದು ಬಿಟ್ಟು ಅಮ್ಮ ಅನ್ನತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿಯವರೆಗೆ ನಾನೂ ಅಮ್ಮ ಅನ್ನುತ್ತಿದ್ದೆ. ಮಾರನೆಯ ದಿನದಿಂದ ಅವ್ವ ಎಂದು ಕರೆಯಲು ಶುರು ಮಾಡಿದೆ, ಅವಳು ಅಜ್ಜಿಯನ್ನು ಕರೆಯುತ್ತಿದ್ದ ಹಾಗೆ. ಅವಳು ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು.

ನಾನು ಪಿಯುಸಿಯಲ್ಲಿದ್ದಾಗ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡುವುದಿತ್ತು. ಹೊಸ ಚೂಡಿದಾರ ಕೊಡಿಸುತ್ತೇನೆಂದು ಅವ್ವ ರಜೆ ಹಾಕಿ ಪೇಟೆಗೆ ಕರೆದುಕೊಂಡು ಹೋಗಿದ್ದಳು. ಅಂಗಡಿಯವನು ಬಟ್ಟೆ ಹರವುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಮತ್ತೋಡಿನ ಹುಡುಗಿಯೊಬ್ಬಳ ತಂದೆ ಮಗಳನ್ನು ಓದು ಬಿಡಿಸಿ ಕರೆದೊಯ್ಯಲು ಬಂದು ಗಲಾಟೆ ಮಾಡುತ್ತಿದ್ದಾರಂತೆ. ಆಟೋ ಹತ್ತಿದೆವು. ಬಟ್ಟೆ ಅಂಗಡಿಯಲ್ಲೇ ಉಳಿಯಿತು.

ಅವರು ಕಾರಿಡಾರಿನಲ್ಲೇ ನಿಂತು ಕೂಗುತ್ತಿದ್ದರು. "ನನ್ ಮಗಳಿಗೇನ್ ಹುಚ್ಚು ಹಿಡಿದೈತೇನ್ರಿ? ದಿನಾ ಇಲ್ಲಿ ಕರೆಸ್ಕಂಡು ಹುಚ್ಚಿ ಅಂತ ಹೆಸರಿಡ್ತಿದೀರಿ. ಓದಿದ್ದು ಸಾಕು. ಮದುವೆ ಮಾಡಿದ್ರೆ ಎಲ್ಲ ಸರಿ ಹೋಗ್ತೈತೆ."

"ಮೊದ್ಲು ಕುಂತ್ಕಳ್ರಿ ಯಜಮಾನ್ರೇ. ನೀರು ಕುಡೀರಿ," ಅಂದಳು ಅವ್ವ. ಅವರು ಮೊಣಕಾಲು ಹಿಡಿದುಕೊಂಡು ಕೂತರು. "ಮಂಡಿ ನೋವೇನ್ರಿ? ಯಾರಿಗೆ ತೋರಿಸಿದ್ರಿ?"

"ಹೊಸದುರ್ಗದ ಡಾಕ್ಟ್ರಿಗೆ."

"ಡಾಕ್ಟ್ರು ಏನಂದ್ರು? ಇನ್ನೊಂದು ಮದುವೆ ಮಾಡ್ಕಳ್ರಿ, ಮಂಡಿ ಸರಿ ಹೋಗ್ತೈತೆ ಅಂದ್ರಾ?"

ಬೆಂಚಿನ ಮೇಲಿದ್ದ ಹುಡುಗಿಯರು ಬಾಯಿಗೆ ವೇಲು ಅಡ್ಡ ಹಿಡಿದರು. ಆ ತಂದೆಗೂ ನಗು ಬಂತು, ನಗುತ್ತ ನಗುತ್ತಲೇ ಕಣ್ಣು ತುಂಬಿತು. "ಅವರವ್ವ ಹೋದಾಗಿಂದ ಮಾತೇ ಬಿಟ್ಟವಳೆ ಕಣಮ್ಮ. ನಂಗೂ ಏನ್ ಮಾಡ್ಬೇಕೋ ತಿಳೀವಲ್ದು," ಅಂದರು. ಅವ್ವ ಅವರನ್ನು ಒಳಗೆ ಕರೆದು ಕೂರಿಸಿ ಕನ್ನಡಕ ತೆಗೆದಿಟ್ಟಳು. ಆಮೇಲೆ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಹಾಜರಾತಿಯ ಕೊರತೆ ಮನ್ನಾ ಮಾಡಿಸಿದಳು. ಬಿಟ್ಟ ಪರೀಕ್ಷೆಗಳನ್ನು ಮುಂದಿನ ಸೆಮಿಸ್ಟರಿನಲ್ಲಿ ಬರೆಯಲು ಒಪ್ಪಿಸಿದಳು. ವಾರ್ಡನ್ನಿಗೆ ಹೇಳಿ ಆ ಹುಡುಗಿಯನ್ನು ಗೆಳತಿಯೊಬ್ಬಳ ಕೋಣೆಗೆ ಬದಲಾಯಿಸಿದಳು. ಮುಗಿಯುವ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕಿದ್ದವು. ನಾನು ಹಳೇ ಚೂಡಿದಾರದಲ್ಲೇ ಹಾಡಿದೆ. ತಾಯಿ ಕಳೆದುಕೊಂಡ ಹುಡುಗಿಯ ಮೇಲೆ ಮುನಿಸೇ ಎಂದು ಕೇಳಿದರೆ, ಹೌದು, ಮುನಿಸೇ.

ಅಪ್ಪ ತಮಾಷೆಗೆ ಹೇಳಿದ್ದನ್ನು ನಾನು ನಿಜ ಮಾಡಿದೆ. ಅದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಸೇರಿದೆ. ಮೊದಲ ವರ್ಷವೇ ನನಗೇನೋ ಆಯಿತು. ತರಗತಿಯ ಬಾಗಿಲಿಗೆ ಬಂದರೆ ಎದೆ ಡವಗುಟ್ಟುತ್ತಿತ್ತು, ಅಂಗೈ ಒದ್ದೆಯಾಗುತ್ತಿತ್ತು. ಸೆಮಿನಾರಿನಲ್ಲಿ ಎದ್ದು ನಿಂತವಳು ಮಾತು ಹೊರಡದೆ ಹೊರಗೆ ಓಡಿಬಂದೆ. ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಆ ಕಣ್ಣುಗಳ ಎದುರು ಹೇಳುವ ಧೈರ್ಯವಾಗಲಿಲ್ಲ. ಒಂದು ದಿನ ಮಧ್ಯಾಹ್ನ ಹೋಗಿ ಆ ಬೆಂಚಿನ ಮೇಲೆ ಎಲ್ಲರ ಜೊತೆ ಕುಳಿತೆ.

ನನ್ನ ಸರದಿ ಬಂತು. ಒಳಗೆ ಹೋಗಿ ಬಾಗಿಲು ಹಾಕಿದೆ. ಹಿಂದಿನ ಹುಡುಗಿಗೆಂದು ತೆಗೆದಿಟ್ಟ ಕನ್ನಡಕ ಇನ್ನೂ ಮೇಜಿನ ಮೇಲೇ ಇತ್ತು. ಅವ್ವ ನನ್ನ ಕಡೆ ಮುಖ ಎತ್ತಿ, ಯಾವತ್ತೂ ನನ್ನ ಜೊತೆ ಆಡದ ಮೆತ್ತನೆಯ ದನಿಯಲ್ಲಿ, "ಬಾರಮ್ಮ, ಕುಂತ್ಕೋ," ಅಂದಳು. ನಾನು ಕುಳಿತೆ. ಆ ಎರಡು ಕೆಂಪು ತಗ್ಗುಗಳು ನನ್ನ ಎದುರಿಗೇ ಇದ್ದವು. ಒಂದು ಗಳಿಗೆ ನಾನೂ ಆ ಹುಡುಗಿಯರಲ್ಲಿ ಒಬ್ಬಳಾಗಿದ್ದೆ.

"ಅವ್ವ, ನಾನು," ಅಂದೆ.

ತಕ್ಷಣ ಅವಳ ಕೈ ಮೇಜನ್ನು ತಡಕಿತು. ಕನ್ನಡಕ ಏರಿಸಿಕೊಂಡಳು. ನನ್ನ ಮುಖ ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ತೆಗಿ ಅದನ್ನ," ಅಂದೆ. "ಎಲ್ರಿಗೂ ತೆಗೀತೀಯ. ನಂಗೂ ತೆಗಿ. ನನ್ನ ಮಾತೂ ಹಂಗೇ ಕೇಳು."

ಅವಳು ತೆಗೆಯಲಿಲ್ಲ. "ನಿನ್ನ ಮಾತು ನಾನಿಲ್ಲಿ ಕೇಳಂಗಿಲ್ಲ ಕಣೇ," ಅಂದಳು. "ಆ ಹುಡುಗೀರು ಏನ್ ಹೇಳಿದ್ರೂ ನಾನು ಹೆದರಲ್ಲ. ನೀನು ಹೇಳಿದ್ರೆ ಹೆದರ್ತೀನಿ. ಹೆದರಿದೋರಿಗೆ ಕಿವಿ ಕೇಳ್ಸಲ್ಲ."

ವಾರಕ್ಕೊಮ್ಮೆ ದಾವಣಗೆರೆಯಿಂದ ಪಕ್ಕದ ಕೋಣೆಗೆ ಬರುತ್ತಿದ್ದ ಇನ್ನೊಬ್ಬ ಸಮಾಲೋಚಕರಿಗೆ ನನ್ನೆದುರೇ ಫೋನು ಮಾಡಿದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಊರಿನ ಮಕ್ಕಳೆಲ್ಲ ಕೂರುವ ಕುರ್ಚಿಯಿಂದ ಅವಳದೇ ಮಗಳನ್ನು ಎಬ್ಬಿಸಿ ಕಳಿಸಿದ್ದಳು.

ಆ ಸರ್ ಒಳ್ಳೆಯವರು. ಕನ್ನಡಕ ಹಾಕಿಕೊಂಡೇ ಕೇಳಿದರು, ನಾನು ಹೇಳಿದೆ. ಮೊದಲ ದಿನ ಮಾತು ಮುಗಿಸಿ ಬಾಗಿಲು ತೆಗೆದರೆ ಹೊರಗಿನ ಬೆಂಚಿನ ಮೇಲೆ ಅವ್ವ ಕುಳಿತಿದ್ದಳು. ಮಡಿಲಲ್ಲಿ ನನ್ನ ನೀರಿನ ಬಾಟಲಿ. ಪಕ್ಕದಲ್ಲಿದ್ದ ಹುಡುಗಿ, "ಮೇಡಂ, ನೀವ್ಯಾಕಿಲ್ಲಿ ಕುಂತೀರಿ? ಸೈನ್ ಮಾಡ್ಸಾದೇನಾದ್ರೂ ಐತಾ?" ಎಂದು ಕೇಳುತ್ತಿದ್ದಳು.

"ಇಲ್ಲಮ್ಮ. ನಮ್ಮ ಹುಡುಗಿ ಒಳಗವಳೆ. ಅದಕ್ಕೆ."

ಒಳಗೆ ಏನು ಹೇಳಿದೆ ಎಂದು ಆವತ್ತೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಪ್ರತಿ ವಾರ ಬಂದು ಕೂರುತ್ತಿದ್ದಳು. ನಾನು ಹೊರಬರುತ್ತಿದ್ದಂತೆ ಒಮ್ಮೆ ನನ್ನ ಮುಖವನ್ನು ನೆಟ್ಟ ನೋಟದಿಂದ ನೋಡಿ, "ಹೋಗಾಣ?" ಎನ್ನುತ್ತಿದ್ದಳು. ಕ್ಯಾಂಟೀನಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆವು. ನಿಧಾನಕ್ಕೆ ನನಗೆ ಊಟ ಸೇರಿತು, ನಿದ್ದೆ ಬಂತು. ಮುಂದಿನ ಸೆಮಿನಾರಿನಲ್ಲಿ ಮಾತಾಡಿದೆ. ಆದರೂ ಅವ್ವನ ಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ಯಾರಿದ್ದಾರೆಂದು ನೋಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ನನಗೆ ಕೆಲಸ ಸಿಕ್ಕ ವರ್ಷವೇ ಅವ್ವ ಕಾಯಿಲೆ ಬಿದ್ದಳು. ಕಾಯಿಲೆ ನಮಗೆ ಹೆಚ್ಚು ಸಮಯ ಕೊಡಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಕನ್ನಡಕ ತೆಗೆದು ಡ್ರಾಯರಿನಲ್ಲಿಟ್ಟಿದ್ದರು. ಅಪ್ಪ ಊಟ ತರಲು ಹೋಗಿದ್ದ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಅವಳ ಮೂಗಿನ ಮೇಲೆ ಆ ಕೆಂಪು ತಗ್ಗುಗಳು. ಕಾಯುವವರು ಯಾರೂ ಇಲ್ಲ, ಬೆಂಚಿಲ್ಲ, ಸರದಿಯಿಲ್ಲ. ಕೊನೆಗೂ ನನ್ನ ಪಾಳಿ ಬಂತು ಅನ್ನಿಸಿತು. ಹೇಳುತ್ತ ಹೋದೆ. ಹಳೇ ಚೂಡಿದಾರದ ಸಂಕಟ, ಅಮ್ಮ ಅನ್ನುತ್ತಿದ್ದವರ ಮೇಲಿನ ಉರಿ, ಅವಳಿಲ್ಲದ ಮನೆಯ ಭಯ, ಎಲ್ಲ. ಅವಳು ಕಣ್ಣು ತೆರೆದೇ ಕೇಳುತ್ತಿದ್ದಳು. ಆಮೇಲೆ ಕೈ ಹಾಸಿಗೆಯ ಮೇಲೆ ಏನನ್ನೋ ಹುಡುಕತೊಡಗಿತು.

"ಕನ್ನಡಕ ಎಲ್ಲಿಟ್ರೇ?"

"ಬೇಡ ಬಿಡವ್ವ. ಹಂಗೇ ಕೇಳು."

"ಕೇಳಿದ್ದು ಸಾಕು ಕಣೇ. ಹಾಕು. ನಿನ್ನ ಮುಖ ನೋಡ್ಬೇಕು."

ಹಾಕಿದೆ. ನೋಡಿದಳು. ಅಪ್ಪ ಊಟ ತಂದು ಮಾತಾಡಿಸುವವರೆಗೂ ನೋಡುತ್ತಲೇ ಇದ್ದಳು.

ಅವ್ವ ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ಮನೆ ತುಂಬ ಅವಳ ಹುಡುಗಿಯರು. ಹೊಳಲ್ಕೆರೆಯಿಂದ, ಹಿರಿಯೂರಿನಿಂದ, ಮಕ್ಕಳನ್ನು ಎತ್ತಿಕೊಂಡು, ಗಂಡಂದಿರನ್ನು ಕರೆದುಕೊಂಡು ಬಂದಿದ್ದರು. ನನಗಿಂತ ಜೋರಾಗಿ ಅಳುತ್ತಿದ್ದರು, ಅದನ್ನೂ ನನಗೆ ಸಹಿಸಲಾಗಲಿಲ್ಲ. ಮತ್ತೋಡಿನವಳು ಈಗ ಹೊಳಲ್ಕೆರೆಯ ಕಾಲೇಜಿನಲ್ಲಿ ಉಪನ್ಯಾಸಕಿ. ನನ್ನ ಎರಡೂ ಕೈ ಹಿಡಿದುಕೊಂಡು, "ನಂಗೂ ಅವರು ಅಮ್ಮನೇ ಆಗಿದ್ರು," ಅಂದಳು. ಇಲ್ಲಮ್ಮ, ನಿನಗೆ ಅವಳು ಮೇಡಂ ಅಷ್ಟೇ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವಳು ತಡೆದು ತಡೆದು ಕೇಳಿದಳು. "ಅವರ ಕನ್ನಡಕ ಕೊಡ್ತೀರಾ? ಅವರು ಅದನ್ನ ತೆಗೆದಿಟ್ಟ ದಿನವೇ ನಾನು ಮತ್ತೆ ಮಾತಾಡಿದ್ದು."

ಅವ್ವನ ನೀಲಿ ಇಳಕಲ್ ಸೀರೆಯನ್ನು ಅವಳಿಗೆ ಕೊಟ್ಟೆ. ಅವ್ವನ ಪೆನ್ನು, ಮೇಜಿನ ಮೇಲಿದ್ದ ಗಡಿಯಾರ, ಕುರ್ಚಿಗೆ ಹಾಕುತ್ತಿದ್ದ ಶಾಲು, ಯಾರು ಏನು ಕೇಳಿದರೂ ಕೊಟ್ಟೆ. ಕನ್ನಡಕ ಕೊಡಲಿಲ್ಲ. ಅವ್ವ ಅದನ್ನು ತೆಗೆದಿಟ್ಟಿದ್ದು ಅವರೆಲ್ಲರಿಗಾಗಿ. ಕೇಳಿ ಹಾಕಿಸಿಕೊಂಡಿದ್ದು ನನ್ನೊಬ್ಬಳನ್ನು ನೋಡುವುದಕ್ಕೆ.