ಬೆಕ್ಕಿನ ಮೀಸೆ ಹಿಡಿದು ಹರಳು ಬೆಳೆಸುವಾಕೆ

ಬೆಕ್ಕೊಂದು ಮೀಸೆಯ ಕೂದಲು ಉದುರಿಸಿದೆ. ವಿಷಯ ಗಂಭೀರವಾದದ್ದು, ಓದುಗರು ದಯವಿಟ್ಟು ನಗಬಾರದು. ಬೆಳಕು ಹರಿಯುವ ಮುನ್ನ ಸೋಫಾದ ಕೆಳಗೆ ಸಿಕ್ಕ ಆ ಕೂದಲನ್ನು ಮಾತ್ರೆಯ ಖಾಲಿ ಡಬ್ಬಿಗೆ ಹಾಕಿಕೊಂಡು ಹೊರಟ ಹೆಂಗಸು, ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ತೊಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾರೆ. ಇಲ್ಲಿ ಎಲ್ಲರಿಗೂ ಅವರು ಹರಳಕ್ಕ.

ಹರಳು ಬೆಳೆಸುವುದು ಅವರ ಕಸುಬು, ಉಂಗುರಕ್ಕಲ್ಲ. ಕೆಲವು ಬ್ಯಾಕ್ಟೀರಿಯಾಗಳು ತಮ್ಮನ್ನು ಕೊಲ್ಲಲು ಬಂದ ಔಷಧವನ್ನೇ ಕತ್ತರಿಸಿಹಾಕುವ ಕಿಣ್ವವನ್ನು ತಯಾರಿಸಿಕೊಳ್ಳುತ್ತವೆ. ಅದರ ಆಕಾರ ಗೊತ್ತಾದರೆ ಅದರ ಬಾಯಿ ಕಟ್ಟುವ ದಾರಿ ಹುಡುಕಬಹುದು. ಆಕಾರ ತಿಳಿಯಲು ಕಿಣ್ವ ಮೊದಲು ಹರಳುಗಟ್ಟಬೇಕು, ಆಮೇಲೆ ಹರಳಿನ ಮೇಲೆ ಎಕ್ಸ್-ರೇ ಹಾಯಿಸಬೇಕು. ಕಿಣ್ವಕ್ಕೋ ಹರಳುಗಟ್ಟುವ ಮನಸ್ಸೇ ಇರುವುದಿಲ್ಲ. ಆಗ ಹರಳಕ್ಕ ಹಿಂದೆ ಹೇಗೋ ಮೂಡಿದ್ದ ಹರಳಿನ ಪುಡಿಗೆ ಮೀಸೆ ತಾಗಿಸಿ, ಕಿಣ್ವದ ದ್ರಾವಣದ ಹೊಸ ಹನಿಯೊಳಗೆ ಒಂದು ಗೆರೆ ಎಳೆಯುತ್ತಾರೆ. ಅಂಟಿದ್ದ ಚೂರುಗಳು ಅಲ್ಲಿ ಬೀಜದಂತೆ ಬೆಳೆಯುತ್ತವೆ. ಅದಕ್ಕೆಂದೇ ತಯಾರಾದ ಎಳೆಗಳೂ ಕಪಾಟಿನಲ್ಲಿವೆ. "ಅವು ಹನೀನ ಕಲಕಿಬಿಡ್ತವೆ. ಮೀಸೆ ಹೇಳಿದ ಮಾತು ಕೇಳತ್ತೆ. ನಮ್ಮನೇಲಿ ಬೇರೆ ಯಾರೂ ಕೇಳಲ್ಲ" ಎನ್ನುತ್ತಾರೆ.

ಬೆಕ್ಕು ಅತ್ತೆಯದು. ಅತ್ತೆಗೆ ಮೂತ್ರಪಿಂಡದ ಸೋಂಕು. ಮಾತ್ರೆಗಳೆಲ್ಲ ಕೈಕೊಟ್ಟು, ಈಗ ಆಗಾಗ ಆಸ್ಪತ್ರೆಯ ಹಾಸಿಗೆ, ಕೈಗೆ ಸೂಜಿ. ಅವರನ್ನು ಕಾಡುತ್ತಿರುವ ಬ್ಯಾಕ್ಟೀರಿಯಾದ ಬಳಿಯೂ ಇದೇ ಜಾತಿಯ ಕಿಣ್ವವಿದೆಯೆಂದು ವೈದ್ಯರು ಹೇಳಿದ್ದಾರೆ. ಅತ್ತೆಯ ನಾಲಿಗೆಗೆ ಮಾತ್ರ ಸೋಂಕು ತಗಲಿಲ್ಲ. "ಮಗನ್ನ ಕೊಟ್ಟಾಯ್ತು. ಈಗ ಬೆಕ್ಕಿನ ಮೀಸೇನೂ ಬೇಕೇನೇ ನಿಂಗೆ?" ಎಂದು ಸೊಸೆಯನ್ನು ಕೆಣಕುತ್ತಾರೆ. ಆದರೂ ಮೀಸೆ ಕಸಕ್ಕೆ ಹೋದೀತೆಂದು ಸೋಫಾದ ಕೆಳಗೆ ಪೊರಕೆ ಆಡಿಸಲು ಯಾರನ್ನೂ ಬಿಡುವುದಿಲ್ಲ.

ಇಂದಿನ ಹನಿಯಲ್ಲಿ ಕಿಣ್ವದ ಜೊತೆ ಹೊಸದೊಂದು ಅಣುವಿದೆ. ಕಿಣ್ವದ ಬಾಯಲ್ಲಿ ಅದು ಗಟ್ಟಿಯಾಗಿ ಕೂತರೆ ಔಷಧ ಬದುಕಿಕೊಳ್ಳುತ್ತದೆಂದು ಸಂಸ್ಥೆಯ ನಂಬಿಕೆ. ಶುದ್ಧ ಮಾಡಿದ ಕಿಣ್ವ ಉಳಿದಿರುವುದು ಇಷ್ಟೇ. ಅಣು ಕೂತಿರುವುದು ಈ ಸಲವೂ ಕಾಣದಿದ್ದರೆ ಅದನ್ನು ಕೈಬಿಡುವುದಾಗಿ ಪ್ರಯೋಗಾಲಯದ ಮುಖ್ಯಸ್ಥೆ ಹೇಳಿಯಾಗಿದೆ. ಹರಳಕ್ಕ ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಾರೆ, ಮುಚ್ಚಳ ಹಾಕುತ್ತಾರೆ, ಆಮೇಲೆ ಉಸಿರಾಡುತ್ತಾರೆ.

ಇದೆಲ್ಲ ಅತ್ತೆಗಾಗಿಯೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ. "ಇದು ಔಷಧ ಆಗೋಕೆ ಎಷ್ಟೋ ವರ್ಷ ಬೇಕು. ಅತ್ತೆ ಹತ್ರ ಅಷ್ಟು ಟೈಮಿಲ್ಲ, ಅವರಿಗೂ ಗೊತ್ತು. ಆದ್ರೆ ಆ ಕಿಣ್ವದ ಬಾಯಿ ಕಟ್ಟಿರೋದನ್ನ ಅವರಿಗೆ ಒಂದ್ಸಲ ತೋರಿಸ್ಬೇಕು, ಅಷ್ಟೇ."

ವಾರ ಕಳೆದು ಹರಳು ಮೂಡುತ್ತದೆ, ಒಂದು ಬಿರುಕೂ ಇಲ್ಲದೆ. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿ ಎಕ್ಸ್-ರೇಗೆ ಹೋಗಿಬರುತ್ತದೆ. ಇಷ್ಟು ಸ್ಪಷ್ಟವಾದ ಚಿತ್ರ ತಮ್ಮಲ್ಲಿ ಈವರೆಗೆ ಬಂದಿರಲಿಲ್ಲವೆಂದು ಮುಖ್ಯಸ್ಥೆ ಒಪ್ಪುತ್ತಾರೆ. ಅದರಲ್ಲಿ ಕಿಣ್ವದ ಬಾಯಿ ತೆರೆದೇ ಇದೆ. ಒಳಗೆ ನೀರು ಬಿಟ್ಟರೆ ಏನೂ ಇಲ್ಲ.

ಹರಳಕ್ಕ ಆ ಚಿತ್ರವನ್ನೇ ಆಸ್ಪತ್ರೆಗೆ ಒಯ್ದು, ಅಣು ಕೂತಿಲ್ಲವೆಂದು ಹೇಳಿ, ಮೊಬೈಲನ್ನು ಅತ್ತೆಯ ಮುಂದೆ ಹಿಡಿಯುತ್ತಾರೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತಾರೆ.

"ಇವನೇ ಏನು ನನ್ನ ತಿಂತಿರೋನು? ಇರ್ಲಿ, ಮುಖ ಆದ್ರೂ ನೋಡ್ದೆ."

ಆ ಅಣುವಿನ ಕೆಲಸವನ್ನು ಸಂಸ್ಥೆ ನಿಲ್ಲಿಸಿದೆ.